ಎರಡನೇ ಪಲ್ಲವಿಯ ಬೀಗ

ಈ ದೇಶದಲ್ಲಿ ‘ತುದಿಗಾಲು’ ಹಾಡನ್ನು ಗುನುಗದ ಬಾಯಿಲ್ಲ, ಆದರೆ ಅದರ ಅರ್ಥ ಹಿಡಿದ ತಲೆ ಒಂದೇ ಒಂದು, ಮತ್ತು ಆ ತಲೆ ನನ್ನ ಕತ್ತಿನ ಮೇಲಿದೆ. ಬೇಕಿದ್ದರೆ ಇನ್ನೊಮ್ಮೆ ಓದಿಕೊಳ್ಳಿ, ನಾನು ಕಾಯುತ್ತೇನೆ. ವಸಂತದ ತುಂಬ ಆ ಹಾಡು ಕಾಫಿ ಅಂಗಡಿಯಲ್ಲಿತ್ತು, ಜಿಮ್ಮಿನಲ್ಲಿತ್ತು, ಮೆಟ್ರೋ ನಿಲ್ದಾಣದ ಕೆಳಗೆ ಸಾಕ್ಸು ಮಾರುವವನ ಡಬ್ಬಿಯಲ್ಲಿತ್ತು. ನನ್ನ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಮದುಮಗನ ಗೆಳೆಯರು ಕೋಟು ಬಿಚ್ಚಿ ಅದಕ್ಕೇ ಕುಣಿದರು. ಯುನ್‌ಸುಲ್ ಎಂಬ ಗಾಯಕಿ ಹಳದಿ ಫ್ರಾಕು ತೊಟ್ಟು ತುದಿಗಾಲಲ್ಲಿ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ನಡೆಯುತ್ತಾಳೆ. ಹೊರಗೆ ಯಾರೋ ಬೀಗದ ನಂಬರು ಒತ್ತುತ್ತಾರೆ, ಬೀಪ್ ಬೀಪ್ ಬೀಪ್ ಬೀಪ್, ಆ ಸದ್ದೇ ಹಾಡಿನ ತಾಳ. ‘ನೀ ಬಂದೆ, ನೀ ಬಂದೆ, ನನ್ನೆದೆ ನೆಲಕ್ಕೆ ಬಿತ್ತು’ ಎಂದು ಅವಳು ಹಾಡುತ್ತಾಳೆ. ಪ್ರಿಯಕರನಿಗೆ ಕಾಯುವ ಹುಡುಗಿ, ಅಷ್ಟೇ ತಾನೆ ಎಂದರು ಎಲ್ಲರೂ. ‘ಕಿವಿಯಿದ್ದವನು’ ವಿಡಿಯೊ ಚಾನೆಲ್ಲಿನ ದೋಗ್ಯೊಮ್ ಆದ ನಾನೊಬ್ಬ ಮಾತ್ರ ತಡೆಯಿರಿ ಎಂದೆ. ಎರಡನೇ ಪಲ್ಲವಿ ಕೇಳಿ ಎಂದೆ. ಅಲ್ಲಿ ಬೀಗ ತಪ್ಪು ಸದ್ದು ಮಾಡುತ್ತದೆ, ನಂಬರು ಸರಿಯಿಲ್ಲದಿದ್ದಾಗ ಬರುವ ಆ ಒಣ ಕಿರ್ರ್. ಪ್ರೀತಿಸುವವನು ನಂಬರು ಯಾಕೆ ಮರೆಯುತ್ತಾನೆ? ಕುಡಿದಿದ್ದರೆ ಮರೆಯುತ್ತಾನೆ. ಆ ಸದ್ದಾದ ಮೇಲೆ ಹುಡುಗಿ ಬಾಗಿಲ ಕಡೆ ಹೋಗುವುದೇ ಇಲ್ಲ, ಬಚ್ಚಲಿಗೆ ಹೋಗುತ್ತಾಳೆ. ಮುಂದಿನ ಸಾಲಿಡೀ ಗೋಡೆಯ ಬಿಳಿ ಟೈಲುಗಳನ್ನು ಎಣಿಸುವುದರ ಬಗ್ಗೆ. ಅಂದರೆ ಬಾಗಿಲಲ್ಲಿ ನಿಂತವನು ಪ್ರಿಯಕರನಲ್ಲ, ಅಪ್ಪ. ಹಾಡುತ್ತಿರುವವಳು ಇಪ್ಪತ್ತರವಳಲ್ಲ, ಎಂಟರವಳು. ಇದನ್ನು ನಾನು ಸಿನಿಮಾದ ಕೊನೆಯ ರೀಲಿನಲ್ಲಿ ಮುದಿ ಪತ್ತೇದಾರ ಸಿಗರೇಟು ಆರಿಸುತ್ತ ಹೇಳುವ ದನಿಯಲ್ಲಿ ಹೇಳಿದೆ. ಜನ ಅತ್ತರು. ಟೀವಿಯವರು ನನ್ನ ಮಾತನ್ನು ಎತ್ತಿ ಹಾಕಿಕೊಂಡರು. ಯುನ್‌ಸುಲ್‌ಳ ಕಂಪನಿಯವರು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ನಮ್ಮ ಕಸುಬಿನಲ್ಲಿ ಅದಕ್ಕೆ ಹೌದು ಎಂದೇ ಅರ್ಥ.

ಇವತ್ತು ಸಂಜೆ ನಾಲ್ಕಕ್ಕೆ ಮಕ್ಕಳ ರಕ್ಷಣಾ ಕೇಂದ್ರದವರೊಬ್ಬರು ನನ್ನನ್ನು ಹುಡುಕಿಕೊಂಡು ಮನೆಗೇ ಬರುತ್ತಿದ್ದಾರೆ. ಇಂಥ ವಿಷಯದಲ್ಲಿ ದೊಡ್ಡ ತಿಳಿವಳಿಕಸ್ಥ ಅಂತ ಕೇಳಿಕೊಂಡು ಬರುತ್ತಿದ್ದಾರೆ ಎಂದು ಬರೆಯಬಹುದಿತ್ತು, ಗೆಳೆಯರಿಗೆ ಹಾಗೆಯೇ ಹೇಳಿದ್ದೇನೆ ಕೂಡ. ಆದರೆ ಅವರು ಹಾಡಿನ ಸಲುವಾಗಿ ಬರುತ್ತಿಲ್ಲ. ನಮ್ಮ ಮೇಲಿನ ಮನೆಯ ಹುಡುಗಿ ಹರಿಮ್‌ಳ ಸಲುವಾಗಿ ಬರುತ್ತಿದ್ದಾರೆ.

ಬೆಳಗ್ಗೆಯಿಂದ ಏನೂ ಮಾಡಿಲ್ಲ. ಸೆಪ್ಟೆಂಬರ್ ಬಂದರೂ ಸೆಕೆ ಹೋಗಿಲ್ಲ, ಫ್ಯಾನು ತಲೆ ಆಚೆ ಈಚೆ ತಿರುಗಿಸುತ್ತ ಯಾರದೋ ಮಾತನ್ನು ಅಲ್ಲಗಳೆಯುತ್ತಿರುವಂತೆ ಕಾಣುತ್ತದೆ. ಹೊಸ ವಿಡಿಯೊ ಒಂದನ್ನು ತೆರೆದು ಕೂತೆ, ಮತ್ತೊಂದು ಹಾಡು, ಮತ್ತೊಂದು ಅರ್ಥ. ಒಂದು ವಾಕ್ಯ ಹೇಳಿದೆ, ಅಳಿಸಿದೆ. ನನ್ನ ದನಿಯೇ ನನಗೆ ಸಾಕಾಗಿದೆ. ನನಗಿರುವುದು ಒಂದೇ ದನಿಯೂ ಅಲ್ಲ: ಖಳನದೊಂದು, ಪತ್ತೇದಾರನದೊಂದು, ಮಳೆಯಲ್ಲಿ ನಿಂತು ಕೊನೇ ಸಲ ಮಾತಾಡುವ ಅಣ್ಣನದೊಂದು, ಸೇನೆಯಲ್ಲಿದ್ದಾಗ ನಮ್ಮ ಸಾರ್ಜೆಂಟನದೊಂದು. ಯಾವುದನ್ನು ತೊಟ್ಟುಕೊಂಡರೂ ಇವತ್ತು ಬೇರೆಯವರ ಬೆವರಿನ ಅಂಗಿಯ ಹಾಗೆ ಮೈಗೆ ಅಂಟುತ್ತಿದೆ. ಅಮ್ಮ ಪಲ್ಯದಂಗಡಿಗೆ ರಜೆ ಹಾಕಿ ನೆಲ ಒರೆಸುತ್ತಿದ್ದಾಳೆ. ಯಾರೇ ಬರಲಿ, ಸಾಲ ಕೇಳುವವನೇ ಬರಲಿ, ಬರುವ ಮುಂಚೆ ನೆಲ ಒರೆಸಬೇಕು ಅವಳಿಗೆ.

“ಲೋ, ಆ ಚಡ್ಡಿ ಬದ್ಲಾಯಿಸೋ. ಸರ್ಕಾರದೋರು ಬರ್ತಾರೆ, ಮೊಣಕಾಲು ತೋರಿಸ್ಕೊಂಡು ಕೂರ್ತೀಯಾ?”

“ಅವರು ಮೊಣಕಾಲು ನೋಡೋಕೆ ಬರ್ತಿಲ್ಲಮ್ಮ.”

“ನೋಡೋಕೆ ಬರ್ದೇ ಇದ್ರೆ ಕಾಣ್ಸಲ್ವಾ? ಕಾಲೆತ್ತು.” ಒರೆಸುವ ಬಟ್ಟೆ ನನ್ನ ಪಾದದ ಕೆಳಗೆ ಹಾದುಹೋಯಿತು. “ಏನ್ ಹೇಳ್ತೀಯ ಅವ್ರಿಗೆ?”

“ಕೇಳಿದ್ದು ಹೇಳ್ತೀನಿ.”

“ಏನ್ ಕೇಳಿದೀಯ?”

ನಾನು ಚಡ್ಡಿ ಬದಲಾಯಿಸಲು ಎದ್ದುಹೋದೆ.

ಸಂಗತಿ ಇಷ್ಟು. ಕಳೆದ ವಾರ ಶಾಲೆಯಲ್ಲಿ ಹರಿಮ್ ಈಜುಡುಗೆ ಹಾಕಿಕೊಳ್ಳಲು ಒಪ್ಪಲಿಲ್ಲವಂತೆ, ಟೀಚರು ಒಳಗೆ ಕರೆದುಕೊಂಡು ಹೋಗಿ ಬೆನ್ನು ನೋಡಿದರಂತೆ, ಅಲ್ಲಿಂದ ಅವಳನ್ನು ಮನೆಗೆ ಕಳಿಸಲಿಲ್ಲವಂತೆ. ಈಗ ಅವಳು ಎಲ್ಲಿದ್ದಾಳೋ ನಮಗೆ ಹೇಳಿಲ್ಲ, ಕೇಂದ್ರದವರ ಯಾವುದೋ ಮನೆಯಲ್ಲಿ. ಹರಿಮ್‌ಳ ಅಪ್ಪ ತಣ್ಣಗೆ ಉತ್ತರ ಕೊಟ್ಟಿದ್ದಾನೆ: ಹುಡುಗಿ ಬಲು ಓಡುತ್ತಾಳೆ, ಎಷ್ಟು ಹೇಳಿದರೂ ಕೇಳಲ್ಲ, ಬಿದ್ದು ಬಿದ್ದು ಹೀಗೆ ಮಾಡಿಕೊಂಡಿದ್ದಾಳೆ, ನಂಬಿಕೆ ಇಲ್ಲದಿದ್ದರೆ ಕೆಳಗಿನ ಮನೆಯವರನ್ನು ಕೇಳಿ, ಇವಳು ಓಡುವ ಸದ್ದಿಗೆ ಚಳಿಗಾಲವಿಡೀ ನಮ್ಮ ಮೇಲೆ ದೂರಿದವರು ಅವರೇ. ಇದನ್ನು ನನಗೆ ಹೇಳಿದ್ದು ನಮ್ಮ ಕಟ್ಟಡ ಕಾಯುವ, ಬೇ ಎಂಬ ಹೆಸರಿನ ಅಜ್ಜ. ಕಸ ಹಾಕಲು ಇಳಿದಾಗ ಹಾಲಿನ ಡಬ್ಬಗಳನ್ನು ತುಳಿದು ಚಪ್ಪಟೆ ಮಾಡುತ್ತ ಹೇಳಿದ. “ನಿನ್ ಹೆಸ್ರೇ ಹೇಳಿದಾನೆ ಕಣಪ್ಪ. ಏಳನೇ ಮಹಡಿ ಹುಡ್ಗ ಸಾಕ್ಷಿ ಅಂತ. ನೀನೂ ಸುಮ್ನಿದ್ಯಾ ಆವಾಗ? ದಿನಾ ಇಂಟರ್‌ಫೋನ್ ಹಿಡ್ಕೊಂಡು ಹೀರೋ ಆಗಿದ್ದೆ.”

ಹೀರೋ ಅಲ್ಲ, ಖಳ. ನಮ್ಮ ಕಟ್ಟಡಗಳಲ್ಲಿ ಬದುಕಿದವರಿಗೆ ಇದನ್ನು ಹೇಳಬೇಕಾಗಿಲ್ಲ: ಒಬ್ಬರ ನೆಲ ಇನ್ನೊಬ್ಬರ ಚಾವಣಿ, ಮೇಲಿನವರ ಹಿಮ್ಮಡಿ ಕೆಳಗಿನವರ ತಲೆನೋವು, ಇದಕ್ಕಾಗಿ ಜನ ಕೋರ್ಟಿಗೆ ಹೋಗಿದ್ದಾರೆ, ಚಾಕು ಹಿಡಿದು ಮೆಟ್ಟಿಲು ಹತ್ತಿದ್ದಾರೆ. ಹಾಗಾಗಿ ಮೇಲೆ ಧಡ್ ಎಂದ ಕೂಡಲೇ ನಮಗೆಲ್ಲ ಒಂದೇ ಯೋಚನೆ ಬರುತ್ತದೆ, ಮಗು ಓಡುತ್ತಿದೆ, ಇವರಿಗೆ ಬುದ್ಧಿ ಇಲ್ಲವಾ. ಆ ಚಳಿಗಾಲ ನಾನು ಹೆಡ್‌ಫೋನ್ ಹಾಕಿಕೊಂಡು ಯಾವುದೋ ಹಾಡಿನ ಗಿಟಾರನ್ನು ಕತ್ತರಿಸುತ್ತಿದ್ದೆ, ಧಡ್. ತೆಗೆದೆ, ಹಾಕಿಕೊಂಡೆ, ಧಡ್ ಧಡ್. ಬಾಗಿಲ ಪಕ್ಕದ ಇಂಟರ್‌ಫೋನಿನಲ್ಲಿ ಮೇಲಿನ ಮನೆಯ ನಂಬರು ಒತ್ತಿ, ದನಿಯನ್ನು ಹೊಟ್ಟೆಯ ತಳಕ್ಕಿಳಿಸಿ ಹೇಳಿದೆ: “ನೆಲ ನಿಮ್ಮದು. ಆದ್ರೆ ಆ ನೆಲದ ಹೊಟ್ಟೆ ನಮ್ಮದು. ಅದು ಇನ್ನೊಂದ್ಸಲ ಗುಡುಗಿದ್ರೆ, ಕೊಡೆ ಹಿಡ್ಕೊಂಡು ನಾನೇ ಮೇಲೆ ಬರ್ತೀನಿ.” ಆಮೇಲೆ ಬಹಳ ನಯವಾದ ಗಂಡಸಿನ ದನಿ, “ಕ್ಷಮಿಸಿ. ತುಂಬ ತೊಂದ್ರೆ ಆಯ್ತು ನಿಮಗೆ. ಮಗುಗೆ ಬುದ್ಧಿ ಹೇಳ್ತೀನಿ.” ನಾನು ಗೆದ್ದವನ ಹಾಗೆ ಕುರ್ಚಿಗೆ ಬಂದೆ. ನನ್ನ ಖಳನ ಮಾತನ್ನು ರೆಕಾರ್ಡು ಮಾಡಿಕೊಂಡಿದ್ದೆ, ಗೆಳೆಯರಿಗೆ ಕಳಿಸಿದೆ, ಅವರು ನಕ್ಕು ನಕ್ಕು ಬಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದಾಯಿತು. ಓಡುವ ಸದ್ದಾದರೆ ದೂರ ಹೋಗುತ್ತದೆ, ಹತ್ತಿರ ಬರುತ್ತದೆ, ಗೋಡೆಗೆ ತಾಗಿ ತಿರುಗುತ್ತದೆ. ಸದ್ದು ಕತ್ತರಿಸಿ ಜೋಡಿಸುವುದೇ ನನ್ನ ಕೆಲಸ, ಅಷ್ಟು ನನಗೆ ಗೊತ್ತು. ಈ ಸದ್ದು ಎಲ್ಲಿಗೂ ಹೋಗಲಿಲ್ಲ. ಒಂದೇ ಜಾಗದಲ್ಲಿ ಆಯಿತು, ನಡುನಡುವೆ ಬಿಡುವು ಕೊಟ್ಟು, ನಿಂತಿತು. ಬುದ್ಧಿ ಹೇಳುತ್ತಿದ್ದಾರೆ ಎಂದುಕೊಂಡೆ. ಅಂದುಕೊಂಡೆನೋ, ಅಂದುಕೊಳ್ಳಲು ಶುರುಮಾಡಿ ಹೆಡ್‌ಫೋನ್ ಹಾಕಿಕೊಂಡೆನೋ, ಈಗ ಬೇರ್ಪಡಿಸಲು ಆಗುವುದಿಲ್ಲ.

ಮರುದಿನ ಅವರು ಕೆಳಗೆ ಬಂದರು, ಸ್ಟ್ರಾಬೆರಿ ಡಬ್ಬ ಹಿಡಿದು, ಅಪ್ಪ ಮಗಳು. ಇದೂ ನಮ್ಮಲ್ಲಿ ನಡೆದುಬಂದದ್ದೇ, ಸದ್ದು ಮಾಡಿದವರು ಹಣ್ಣು ಹಿಡಿದು ಇಳಿದು ಬರುವುದು, ಕೆಳಗಿನವರು ಅಯ್ಯೋ ಇದೆಲ್ಲ ಯಾಕೆ ಎಂದು ಎರಡು ಸಲ ಅಂದು ಮೂರನೇ ಸಲ ತೆಗೆದುಕೊಳ್ಳುವುದು. ಅಪ್ಪನದು ಇಸ್ತ್ರಿ ಮಾಡಿದ ಅಂಗಿ, ಒದ್ದೆ ಬಾಚಣಿಗೆಯ ಗೆರೆಗಳಿದ್ದ ಕೂದಲು. ಅವನ ಕೈ ಹುಡುಗಿಯ ಕುತ್ತಿಗೆಯ ಹಿಂದಿತ್ತು. “ಹೇಳು” ಎಂದ. ಅವಳು ಸೊಂಟ ಬಗ್ಗಿಸಿ, ಇನ್ನು ಓಡಲ್ಲ ಅಂದಳು. ಅವಳ ತಲೆ ಮೇಲೇಳಲು ನೋಡಿತು, ಕೈ ಬಿಡಲಿಲ್ಲ, ಇನ್ನಷ್ಟು ಹೊತ್ತು ಹಾಗೇ ಇಟ್ಟಿತು, ನನಗೆ ಸಮಾಧಾನವಾಗುವಷ್ಟು ಹೊತ್ತು ಇರಬೇಕು, ಯಾಕೆಂದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಕೊನೆಗೆ, “ಪರವಾಗಿಲ್ಲ ಬಿಡಿ ಸರ್” ಎಂದೆ. ಆಗ ಕೈ ಎದ್ದಿತು. ಅವರು ಹೋದ ಮೇಲೆ ಅಮ್ಮ, “ಒಳ್ಳೇ ಜನ ಕಣೋ, ಈ ಕಾಲದಲ್ಲಿ ಯಾರು ತಪ್ಪಾಯ್ತು ಅಂತಾರೆ” ಎಂದು ಸ್ಟ್ರಾಬೆರಿ ತೊಳೆದಳು. ಚೆನ್ನಾಗಿದ್ದವು. ಸಿಹಿ ಎಷ್ಟಿತ್ತೆಂದು ಇವತ್ತಿಗೂ ನಾಲಿಗೆಗೆ ನೆನಪಿದೆ, ಅದೇ ಬೇಜಾರು. ಆ ವಾರ ಮೇಲಿನ ಮನೆಗೆ ದಪ್ಪ ದಪ್ಪ ಚಾಪೆಗಳು ಬಂದವು. ಸದ್ದು ಹತ್ತಿಯಲ್ಲಿ ಸುತ್ತಿಟ್ಟ ಹಾಗಾಯಿತು, ಆದರೆ ಇತ್ತು. ನಾನು ಮತ್ತೂ ಫೋನ್ ಮಾಡಿದೆ. ಖಳನ ಮಾತುಗಳು ದಿನದಿನಕ್ಕೆ ಚೆನ್ನಾಗಿ ಬರುತ್ತಿದ್ದವು, ಬಿಡಲು ಮನಸ್ಸಾಗಲಿಲ್ಲ.

ಮೂರೂಮುಕ್ಕಾಲಿಗೇ ಬೆಲ್ ಆಯಿತು. ಪ್ಯೋ ಎಂಬ ಹೆಸರಿನ ಗುಂಡಗಿನ ಹೆಂಗಸು, ಐವತ್ತರ ಆಚೆಯವರು, ಹೆಗಲ ಚೀಲದ ಪಟ್ಟಿ ಅಂಗಿಯನ್ನು ಒಂದು ಕಡೆಗೆ ಎಳೆದುಹಾಕಿತ್ತು. ಮೇಲಿನ ಮನೆಗೆ ಆಗಲೇ ಹೋಗಿಬಂದಿದ್ದರೆಂದು ಕಾಣುತ್ತದೆ. ಸಿನಿಮಾದಲ್ಲಿ ಇಂಥವರು ಕಪ್ಪು ಕೋಟಿನಲ್ಲಿ ಬರುತ್ತಾರೆ, ಕಣ್ಣಲ್ಲೇ ಅರ್ಧ ಸತ್ಯ ಹೊರಗೆಳೆಯುತ್ತಾರೆ. ಇವರು ಮೊದಲು ಕೇಳಿದ್ದು ಬಚ್ಚಲು ಎಲ್ಲಿ ಎಂದು. ಹೊರಬಂದು ಮುಖ ಒರೆಸಿಕೊಂಡು, ಅಮ್ಮ ಕೊಟ್ಟ ಬಾರ್ಲಿ ನೀರನ್ನು ಒಂದೇ ಗುಟುಕಿಗೆ ಮುಗಿಸಿ ಇನ್ನೊಂದು ಲೋಟ ಕೇಳಿದರು. “ಎಲ್ಲಾ ಮನೇಲೂ ಕಾಫಿ ಕೊಡ್ತಾರೆ, ಎದೆ ಉರಿ ನಂಗೆ. ನೀವೇ ದೇವ್ರು ಕಣಮ್ಮ.” ಅಮ್ಮ ಹಿಗ್ಗಿ ಹಣ್ಣು ತರಲು ಹೋದಳು. ಅವರು ನನ್ನ ಕಡೆ ತಿರುಗಿದರು. ನನ್ನ ವಿಡಿಯೊ ನೋಡಿದವರ ಕಣ್ಣು ನನಗೆ ಗೊತ್ತು. ಇವರು ನೋಡಿರಲಿಲ್ಲ.

ಆ ವಿಡಿಯೊ ನೋಡದವರು ಈ ಕಟ್ಟಡದಲ್ಲಿ ಇವರೊಬ್ಬರೇ ಇರಬೇಕು ಅಂದುಕೊಂಡೆ, ಮತ್ತು ಹಾಗೆ ಅಂದುಕೊಂಡಾಗ ಲಿಫ್ಟು ನೆನಪಾಯಿತು. ಜೂನಿನಲ್ಲಿ, ಲಿಫ್ಟಿನಲ್ಲಿ, ಹರಿಮ್‌ಳ ಅಮ್ಮ ಒಂದು ಕೈಯಲ್ಲಿ ಈರುಳ್ಳಿ ಚೀಲ ಇನ್ನೊಂದರಲ್ಲಿ ಹರಿಮ್‌ಳನ್ನು ಹಿಡಿದು ನಿಂತಿದ್ದಳು. “ನಿಮ್ ವಿಡಿಯೊ ನೋಡ್ದೆ, ತುಂಬ ಅಳು ಬಂತು” ಎಂದಳು ನನಗೆ, ಸಣ್ಣ ದನಿಯಲ್ಲಿ. ನಾನು ಎದೆ ಮೇಲೆ ಕೈಯಿಟ್ಟು ಬಗ್ಗಿದೆ, ಪ್ರಶಸ್ತಿ ತೆಗೆದುಕೊಂಡವನ ಹಾಗೆ. ಲಿಫ್ಟಿನ ಕನ್ನಡಿಯಲ್ಲಿ ಹರಿಮ್ ನನ್ನನ್ನು ನೋಡುತ್ತಿದ್ದಳು. ಮಕ್ಕಳು ಕೋಪದಲ್ಲಿ ನೋಡಿದರೆ ನಾವು ನಾಲಿಗೆ ಚಾಚಬಹುದು, ಮುಖ ಕಿವುಚಬಹುದು. ಅದು ಕೋಪವಾಗಿರಲಿಲ್ಲ. ಬಸ್ಸಿಗೆ ಕಾಯುವವರು ಬರುವ ದಾರಿಯನ್ನು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು. ಏಳನೇ ಮಹಡಿ ಬಂತು, ನಾನು ಇಳಿದೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಎರಡನೇ ಪಲ್ಲವಿಯ ಬೀಗದ ಸದ್ದನ್ನು ಕಂಡುಹಿಡಿದದ್ದು ನಾನಲ್ಲ. ಮಾರ್ಚಿನಲ್ಲಿ ನಾನು ಏಳು ಮತ್ತು ಎಂಟರ ನಡುವಿನ ಮೆಟ್ಟಿಲ ತಿರುವಿನಲ್ಲಿ, ಸೈಕಲ್ಲುಗಳನ್ನು ಪೇರಿಸಿಟ್ಟ ಜಾಗದಲ್ಲಿ, ಫೋನನ್ನು ಒಂದು ಸೀಟಿಗೆ ಒರಗಿಸಿ ತುದಿಗಾಲಿನ ಕುಣಿತವನ್ನು ಕೋತಿಯ ಹಾಗೆ ಮಾಡಿ ರೆಕಾರ್ಡು ಮಾಡುತ್ತಿದ್ದೆ. ಅಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ. ಹರಿಮ್ ಮೇಲಿನ ಮೆಟ್ಟಿಲಲ್ಲಿ ಕೂತಿದ್ದಳು, ಶಾಲೆಯೊಳಗೆ ಹಾಕುವ ಚಪ್ಪಲಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಎಷ್ಟು ಹೊತ್ತಿನಿಂದಲೋ.

“ಹಂಗಲ್ಲ ಅಣ್ಣಾ.”

“ಏನು ಹಂಗಲ್ಲ? ಗುರುಗಳು ಬಂದ್ರು ನೋಡಪ್ಪ.”

“ಹಿಮ್ಮಡಿ ಎತ್ತಿದ್ರೆ ಸಾಲ್ದು. ಕಾಲಿನ ಹೊರಗಡೆ ಅಂಚು ಮೊದ್ಲು ಇಡ್ಬೇಕು. ಆಮೇಲೆ ಬೆರಳು. ಇಲ್ದಿದ್ರೆ ಟಪ್ ಅನ್ನುತ್ತೆ.” ಅವಳು ಇಳಿದು ಬಂದು ತೋರಿಸಿದಳು. ನಿಜವಾಗಿಯೂ ಏನೂ ಕೇಳಿಸಲಿಲ್ಲ. “ಆ ಅಕ್ಕನೂ ತಪ್ಪು ಮಾಡ್ತಾಳೆ ವಿಡಿಯೊದಲ್ಲಿ. ಆದ್ರೆ ಹಾಡು ಸರೀಗಿದೆ.”

“ಏನು ಸರೀಗಿದೆ?”

“ಬೀಗ. ಮೊದ್ಲು ಸರಿಯಾಗಿ ಒತ್ತಿದ್ರೆ ಏನೂ ಇಲ್ಲ, ಊಟ ಮಾಡ್ಬಹುದು. ಕಿರ್ರ್ ಅಂದ್ರೆ ಕುಡ್ದಿದಾರೆ ಅಂತ. ಆವಾಗ ಬಚ್ಚಲಿಗೆ ಹೋಗ್ಬೇಕು. ಅದಕ್ಕೇ ಎಣಿಸ್ತಾಳೆ.” ಅವಳು ಮಗ್ಗಿ ಒಪ್ಪಿಸುವವರ ಹಾಗೆ ಹೇಳುತ್ತಿದ್ದಳು, ನಾನು ದಡ್ಡ ಎಂಬ ಕನಿಕರದಲ್ಲಿ. “ಅಣ್ಣಂಗೆ ಗೊತ್ತಿರ್ಲಿಲ್ವಾ? ಎಲ್ಲಾರ್ಗೂ ಗೊತ್ತು ಅಂದ್ಕೊಂಡಿದ್ದೆ. ಎಲ್ಲಾರೂ ಕುಣೀತಾರಲ್ಲ.”

ನನ್ನ ಮೈ ಜುಮ್ಮೆಂದಿತು. ಇದನ್ನು ಬರೆಯುವಾಗ ಬೇರೇನಾದರೂ ಹಾಕೋಣವೆಂದು ನೋಡಿದೆ, ಕರುಳು ಕಿವುಚಿತು ಅಂತಲೋ ಏನೋ. ಆದರೆ ಆದದ್ದು ಇದು: ಎಂಥ ವಿಡಿಯೊ ಆಗುತ್ತದೆ ಇದು ಎಂದು ಮೈ ಜುಮ್ಮೆಂದಿತು. ಅವಳ ತೋಳಿನ ಮೇಲೆ, ಅಂಗಿಯ ಅಂಚಿನ ಒಳಗೆ, ಹಳದಿಗೆ ತಿರುಗಿದ ಒಂದು ಕಲೆ ಇತ್ತು. ಅದನ್ನೂ ನೋಡಿದೆ. ಎರಡನ್ನೂ ಒಟ್ಟಿಗೇ ನೋಡಿದೆ, ಕಲೆಯನ್ನೂ ವಿಡಿಯೊವನ್ನೂ, ಮತ್ತು ಒಂದನ್ನು ಎತ್ತಿಕೊಂಡೆ. ವಿಡಿಯೊದ ಕೊನೆಗೆ ಪರದೆ ಕಪ್ಪಾಗಿಸಿ, ನಿಮ್ಮ ಪಕ್ಕದ ಮನೆಯ ಗೋಡೆಗೆ ಕಿವಿ ಕೊಡಿ ಎಂದು ಪತ್ತೇದಾರನ ದನಿಯಲ್ಲಿ ಹೇಳಿ, ಕೆಳಗೆ ಪೊಲೀಸರ ನಂಬರನ್ನು ದೊಡ್ಡದಾಗಿ ಹಾಕಿದೆ. ಆ ನಂಬರಿಗೆ ಎಂಥ ಅಕ್ಷರ ಚೆನ್ನಾಗಿರುತ್ತದೆಂದು ಒಂದು ಮಧ್ಯಾಹ್ನವಿಡೀ ಆಯ್ದಿದ್ದೇನೆ.

“ಮೇಲಿನ ಮನೆ ಸದ್ದಿನ ಬಗ್ಗೆ ನೀವು ದೂರು ಹೇಳಿದ್ರಂತೆ” ಎಂದರು ಪ್ಯೋ ಮೇಡಂ. “ಎಂಥ ಸದ್ದು?”

ನಾನು ಬೆನ್ನು ನೆಟ್ಟಗೆ ಮಾಡಿದೆ. “ಸದ್ದು ಅಂದ್ರೆ ಮೇಡಂ, ಈ ಊರಲ್ಲಿ ಒಂದೊಂದು ಚಾವಣಿಗೂ ಒಂದೊಂದು ನೆನಪಿರುತ್ತೆ, ಅದು...”

“ಚಾವಣಿ ನೆನಪು ಆಮೇಲೆ ಕೇಳ್ತೀನಪ್ಪ. ಓಡೋ ಸದ್ದಾ, ಬೀಳೋ ಸದ್ದಾ, ಹೊಡೆಯೋ ಸದ್ದಾ?”

ತರಕಾರಿ ಅಂಗಡಿಯಲ್ಲಿ ಕೇಳುವ ಹಾಗೆ ಕೇಳಿದರು. ಅಮ್ಮ ಹಣ್ಣಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಮೇಲೆ ಯಾರೋ ನಡೆದರು, ದೊಡ್ಡವರ ಹೆಜ್ಜೆ, ಕಿಟಕಿಯಿಂದ ಹಾಲಿಗೆ, ಅಲ್ಲಿ ನಿಂತಿತು. ಹರಿಮ್‌ಳ ಅಪ್ಪ ಕೇಳಿಸಿಕೊಳ್ಳುತ್ತಿದ್ದಾನೆ ಎನ್ನಿಸಿತು, ಕೆಳಗಿನದು ಮೇಲಕ್ಕೆ ಕೇಳಿಸುವುದಿಲ್ಲವೆಂದು ಗೊತ್ತಿದ್ದರೂ. ಹೊಡೆಯುವ ಸದ್ದು ಎಂದರೆ, ಯಾವಾಗಿನಿಂದ ಎನ್ನುತ್ತಾರೆ. ಚಳಿಗಾಲದಿಂದ ಎಂದರೆ, ಹೇಗೆ ಗೊತ್ತು ಎನ್ನುತ್ತಾರೆ. ಹುಡುಗಿ ಹೇಳಿದಳು ಎಂದರೆ, ಯಾವಾಗ ಎನ್ನುತ್ತಾರೆ, ಆಮೇಲೆ ನೀವೇನು ಮಾಡಿದಿರಿ ಎನ್ನುತ್ತಾರೆ. ಆಮೇಲೆ ನಾನೇನು ಮಾಡಿದೆ ಎಂಬುದನ್ನು ಅರ್ಧ ದೇಶ ನೋಡಿದೆ. ಈ ಒಂದು ಉತ್ತರದ ಹಿಂದೆ ಉಳಿದವೆಲ್ಲ ಸಾಲಾಗಿ ನಿಂತಿದ್ದವು. ಎಷ್ಟು ಆಯಾಸವಾಯಿತೆಂದರೆ ಆ ಕ್ಷಣಕ್ಕೆ ಎದ್ದುಹೋಗಿ ಮಲಗಿಬಿಡೋಣ ಎನ್ನಿಸಿತು.

“ಓಡೋ ಸದ್ದು” ಎಂದೆ.

“ಖಂಡಿತಾನಾ?”

“ಹೂಂ. ಮಕ್ಕಳು ಓಡ್ತಾರಲ್ಲ, ಹಂಗೆ.”

ಅವರು ಕಣ್ಣು ಕಿರಿದಾಗಿಸಿ ನೋಡಲಿಲ್ಲ. ಫೋನಿನಲ್ಲಿ ಏನೋ ಒತ್ತಿದರು. “ಸರಿ ಹಾಗಾದ್ರೆ. ಓಡಿ ಬಿದ್ಲು ಅಂತ ಮನೆಯವರು ಹೇಳ್ತಿರೋದೂ ಅದೇ. ಅವ್ಳು ಬಾಯೇ ಬಿಡ್ತಿಲ್ಲ. ಟೀಚರ್ ಒಬ್ರ ಮಾತಿನ ಮೇಲೆ ಎಷ್ಟು ದಿನ ಇಟ್ಕೊಳೋಕಾಗುತ್ತೆ. ಬೇರೇನೂ ಸಿಗ್ದಿದ್ರೆ ನಾಳೆ ಮನೆಗೆ ಕಳಿಸ್ಬೇಕಾಗುತ್ತೆ.”

“ಸದ್ಯ, ಮಗು ಮನೆಗೆ ಬಂದ್ರೆ ಸಾಕು” ಎಂದಳು ಅಮ್ಮ, ಆದರೆ ತಟ್ಟೆ ಕೆಳಗಿಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಬಾಗಿಲಲ್ಲಿ ಪ್ಯೋ ಮೇಡಂ ಶೂ ಹಾಕಿಕೊಳ್ಳಲು ಒದ್ದಾಡಿದರು, ಊದಿದ ಕಾಲು. ನಾನು ಶೂ ಹಾಕುವ ಉದ್ದ ಚಮಚವನ್ನು ಕೊಕ್ಕೆಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಒಂದು ಶೂ. ಈಗ ಹೇಳಬಹುದು. ಇನ್ನೊಂದು ಶೂ. ಸಿನಿಮಾದಲ್ಲಾದರೆ ಇಲ್ಲಿ ಸಂಗೀತ ನಿಂತುಹೋಗಿ ಗಡಿಯಾರದ ಸದ್ದು ಮಾತ್ರ ಬರುತ್ತದೆ, ನಾಯಕ ನಿಲ್ಲಿ ಎನ್ನುತ್ತಾನೆ. “ಒಳ್ಳೇ ಹುಡ್ಗನ್ನ ಬೆಳೆಸಿದೀರಿ” ಎಂದು ಅವರು ಅಮ್ಮನಿಗೆ ಹೇಳಿ ಚಮಚ ವಾಪಸು ಕೊಟ್ಟರು. ನಾನು ಅದನ್ನು ಕೊಕ್ಕೆಗೆ ತೂಗುಹಾಕಿದೆ. ಲಿಫ್ಟು ಇಳಿಯಿತು.

ಅಮ್ಮ ನೆಲದ ಮೇಲೆ ಕೂತು ಹಣ್ಣು ತಿನ್ನತೊಡಗಿದಳು. ಅತಿಥಿಗೆಂದು ಹೆಚ್ಚಿದ ಹೋಳು ಉಳಿದರೆ ಅವಳು ಹಾಗೆ ತಿನ್ನುತ್ತಾಳೆ, ಹಸಿವಿಲ್ಲದೆ, ಒಂದಾದ ಮೇಲೊಂದು.

“ಓಡೋ ಸದ್ದಾ ಅದು?” ಎಂದಳು.

“ನಿಂಗೂ ಕೇಳಿಸ್ತಿತ್ತಲ್ಲ.”

“ನಾನು ಅಂಗ್ಡೀಲಿರ್ತೀನಿ. ಬಂದೋಳು ಟೀವಿ ಹಾಕ್ತೀನಿ.” ಸ್ವಲ್ಪ ಹೊತ್ತು ಅಗಿದಳು. “ದೊಡ್ಡದಾಗೇ ಹಾಕ್ತೀನಿ.”

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ಮೇಲೆ ನೆಲ ಗುಡಿಸುವ ಯಂತ್ರ ಶುರುವಾಯಿತು. ನಾಳೆ ಮಗಳು ಬರುತ್ತಾಳೆ, ಮನೆ ಚೊಕ್ಕಟ ಮಾಡುತ್ತಿದ್ದಾರೆ. ಆ ಸದ್ದು ಕೋಣೆಯಿಂದ ಕೋಣೆಗೆ ಸರಾಗವಾಗಿ ಹರಿದಾಡಿತು. ನಮ್ಮ ಚಾವಣಿಯ ಮೇಲೆ ಯಾವುದಾದರೂ ಹೀಗೆ ಮನೆ ತುಂಬ ಓಡಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇಷ್ಟು ದಿನ ಆ ಮನೆಯಲ್ಲಿ ಓಡಿದ ಸದ್ದೇ ಇರಲಿಲ್ಲ, ಒಂದು ಸಲವೂ. ನಾನು ಎದ್ದೆ.

ಮೆಟ್ಟಿಲಲ್ಲೇ ಇಳಿದೆ. ಏನು ಹೇಳಬೇಕೆಂದು ಒಂದೊಂದು ತಿರುವಿನಲ್ಲೂ ಒಂದೊಂದು ಮಾತು ಕಟ್ಟಿಕೊಂಡೆ, ಎಲ್ಲವೂ ಚೆನ್ನಾಗಿದ್ದವು, ಎಲ್ಲವೂ ಯಾರೋ ಯಾವುದೋ ಪರದೆಯ ಮೇಲೆ ಹೇಳಿದ ಹಾಗಿದ್ದವು. ಪ್ಯೋ ಮೇಡಂ ಹೊರಟುಹೋಗಿರಲಿ ಎಂದೂ ಬೇಡಿಕೊಂಡೆ, ಅದನ್ನೂ ಹೇಳಿಬಿಡುತ್ತೇನೆ. ಹೊರಟಿರಲಿಲ್ಲ. ಕಸದ ತೊಟ್ಟಿಗಳ ಪಕ್ಕದ ನೆರಳಿನಲ್ಲಿ ಚಿಕ್ಕ ಬಿಳಿ ಕಾರು, ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟುಕೊಂಡು, ಬೆಳ್ಳಿ ಹಾಳೆಯಲ್ಲಿ ಸುತ್ತಿದ ಅನ್ನದ ಸುರುಳಿ, ಕಿಂಬಾಪ್, ತಿನ್ನುತ್ತಿದ್ದರು. ಬಾಯಿ ತುಂಬ ಅನ್ನವಿತ್ತು, ಹುಬ್ಬಿನಲ್ಲೇ ಏನು ಎಂದರು.

“ಓಡೋ ಸದ್ದಲ್ಲ.”

ಅವರು ನುಂಗಿದರು. “ಮತ್ತೆ?”

“ಹೊಡೆಯೋದು.”

“ಹೇಗೆ ಗೊತ್ತು?”

“ಅವಳು ಹೇಳಿದ್ಲು. ಹರಿಮ್.”

ಕಿಂಬಾಪನ್ನು ಹಾಳೆಯಲ್ಲಿ ಸುತ್ತಿ ಗೇರಿನ ಪಕ್ಕ ಇಟ್ಟರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಈ ಕಡೆ ಬಂದು ಕೂತ್ಕೊ. ರೆಕಾರ್ಡ್ ಮಾಡ್ಕೋತೀನಿ. ನಿನ್ ಹೆಸ್ರು, ಮನೆ ನಂಬ್ರು, ಆಮೇಲೆ ಅವ್ಳು ಯಾವಾಗ ಏನಂದ್ಲು. ಕತೆ ಸೇರಿಸ್ಬೇಡ.” ಬಹುವಚನ ಹೋಗಿತ್ತು, ಅದು ನನಗೆ ಆಮೇಲೆ ಹೊಳೆಯಿತು.

ಕೂತೆ. ಸೀಟು ಬಿಸಿಯಾಗಿತ್ತು. ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು, ಒಳ್ಳೆ ಮೈಕು ಎಲ್ಲಿ ಹಿಡಿಯಬೇಕೋ ಅಲ್ಲಿಗೆ ಒಂದು ಗೇಣು ತಪ್ಪಿ. ಹೇಳಿದೆ. ಬೀಗ, ಬಚ್ಚಲು, ಎಣಿಸುವುದು, ತೋಳಿನ ಕಲೆ. ಇಂಟರ್‌ಫೋನ್ ಮಾಡಿದಾಗ ಬುದ್ಧಿ ಹೇಳ್ತೀನಿ ಎಂದದ್ದು, ಆಮೇಲೆ ಬಂದ ಸದ್ದು, ಆದರೂ ಮತ್ತೆ ಮತ್ತೆ ಮಾಡಿದ್ದು. ಅವರು ನಡುವೆ ಕೇಳಿದರು, ಇದು ಮಾರ್ಚಿನಲ್ಲಾ. ಹೌದು. ಈಗ ಸೆಪ್ಟೆಂಬರ್. ಹೌದು. ಈ ನಡುವೆ ಯಾರಿಗಾದರೂ ತಿಳಿಸಿದೆಯಾ. ನಾನು ವಿಡಿಯೊದ ಬಗ್ಗೆ ಹೇಳಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಆ ತುದಿಗಾಲಿನ ಹಾಡಾ” ಎಂದರು. “ನನ್ ತಂಗಿ ಮಗಳು ತೋರಿಸ್ತೀನಿ ತೋರಿಸ್ತೀನಿ ಅಂತಿದ್ಲು.” ಗೇಟಿನೊಳಗೆ ಮೊಟ್ಟೆ ಮಾರುವ ಲಾರಿ ಬಂತು, ಮೊಟ್ಟೆ ಬಂತು ಮೊಟ್ಟೆ, ತಾಜಾ ತಾಜಾ ಮೊಟ್ಟೆ ಎಂದು ಧ್ವನಿವರ್ಧಕ ಒದರುತ್ತ ಕಟ್ಟಡಗಳ ನಡುವೆ ನಿಧಾನಕ್ಕೆ ತಿರುಗತೊಡಗಿತು.

“ಮೆಟ್ಟಿಲ ಮೇಲೆ ಅವ್ಳು ಕೊನೇಲಿ ಏನಂದ್ಲು? ಇಷ್ಟೆಲ್ಲ ಹೇಳಿ ಸುಮ್ನೆ ಎದ್ದು ಹೋದ್ಲಾ?”

ಇದನ್ನು ನಿಮಗೂ ಹೇಳಿಲ್ಲ. ಮೊದಲ ಸಾಲಿನಿಂದ ಇಷ್ಟು ದೂರ ಬಡಾಯಿ ಕೊಚ್ಚಿಕೊಂಡು ಬಂದದ್ದು ಇದನ್ನು ಹೇಳದೆ ಮುಗಿಸಬಹುದೇನೋ ಎಂದು. ಹರಿಮ್ ಎದ್ದು ಹೋಗಲಿಲ್ಲ. ಮೇಲೆ ಬೀಗ ತೆಗೆದ ಸದ್ದಾಯಿತು, ಅವಳ ಅಮ್ಮ ಕರೆದಳು. ಅವಳು ಚಪ್ಪಲಿ ಚೀಲವನ್ನು ಎದೆಗೆ ಹಿಡಿದುಕೊಂಡು, ಕಿವಿಯ ಹತ್ತಿರ ಬಂದು ಕೇಳಿದಳು.

“ಅಣ್ಣ ಇದನ್ನ ಯಾರಿಗಾದ್ರೂ ಹೇಳ್ತೀಯಾ, ಅಂತ ಕೇಳಿದ್ಲು” ಎಂದೆ.

“ಹೇಳ್ಬೇಡ ಅಂತಾನಾ?”

“ಅಲ್ಲ. ಹೇಳು ಅಂತ.”

“ನೀನೇನಂದೆ?”

ಲಾರಿ ನಮ್ಮ ಪಕ್ಕಕ್ಕೇ ಬಂದು ನಿಂತಿತ್ತು. ಏಳನೇ ಮಹಡಿಯ ಕಿಟಕಿಯಲ್ಲಿ ಅಮ್ಮ ಕಾಣುತ್ತಿದ್ದಳು.

“ಎಲ್ಲಾರ್ಗೂ ಹೇಳ್ತೀನಿ ಅಂದೆ.”

ಪ್ಯೋ ಮೇಡಂ ಕಿಟಕಿಯ ಗಾಜು ಏರಿಸಿದರು, ಫೋನನ್ನು ಇನ್ನಷ್ಟು ಹತ್ತಿರ ತಂದರು. “ಲಾರಿ ಸದ್ದಿಗೆ ಕೇಳಿಸ್ಲಿಲ್ಲ” ಎಂದರು. “ಇನ್ನೊಂದ್ಸಲ ಹೇಳು.”

ಇನ್ನೊಂದು ಸಲ ಹೇಳಿದೆ.